ಗಂಟೆ ಲೆಕ್ಕದ ಪಾಠ, ಭಾನುವಾರದ ಸಂಶೋಧನೆ

ರಾಜಧಾನಿಯ ಸಾಹಿತ್ಯ ಮಾಸಿಕವೊಂದು ಎರಡು ಸಂಚಿಕೆಗಳಿಂದ ಕನ್ನಡ ಸಂಶೋಧನೆಯ ತಿಥಿ ಮಾಡುತ್ತಿದೆ. ಪಿಎಚ್‌ಡಿ ಪ್ರಬಂಧಗಳೆಲ್ಲ ಅಲ್ಲಿಂದಿಲ್ಲಿಂದ ಎತ್ತಿ ಜೋಡಿಸಿದವು, ಈಗಿನವರಿಗೆ ಹಳಗನ್ನಡದ ನಾಲ್ಕು ಸಾಲು ಬಿಡಿಸಲು ಬಾರದು, ಕ್ಷೇತ್ರಕಾರ್ಯವೆಂದರೆ ಫೋಟೊ ತೆಗೆಸಿಕೊಳ್ಳುವುದು ಎಂದುಕೊಂಡಿದ್ದಾರೆ ಎಂಬುದು ಅದರ ದೂರು. ಮೈಸೂರಿನ ನಿವೃತ್ತ ಪ್ರಾಧ್ಯಾಪಕರು ಕೆಲವರು ಅದಕ್ಕೆ ತಲೆದೂಗಿ ಪತ್ರ ಬರೆದಿದ್ದಾರೆ. ನಮ್ಮ ಓದುಗರಲ್ಲಿ ಹಲವರು ಅದನ್ನು ಓದಿ, ನಿಮ್ಮ ಪತ್ರಿಕೆ ಏಕೆ ಬಾಯಿ ಬಿಡುತ್ತಿಲ್ಲ ಎಂದು ಫೋನ್ ಮಾಡಿ ಕೇಳಿದ್ದಾರೆ. ಬಾಯಿ ಬಿಡಲೇಬೇಕಾಗಿದೆ.

ಅಷ್ಟುದ್ದದ ಲೇಖನಗಳಲ್ಲಿ ಒಂದು ಮಾತು ಮಾತ್ರ ಎಲ್ಲಿಯೂ ಇಲ್ಲ. ಈ ಸಂಶೋಧಕರು ಏನು ಉಂಡು ಸಂಶೋಧನೆ ಮಾಡುತ್ತಾರೆ? ಯುಜಿಸಿ ವೇತನಶ್ರೇಣಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ಇಂದು ಪಿಂಚಣಿ ಪಡೆಯುತ್ತಿರುವ ಹಿರಿಯರಿಗೆ ಈ ಪ್ರಶ್ನೆ ಹೊಳೆಯಲೇ ಇಲ್ಲ. ನಂಜನಗೂಡಿನಲ್ಲೋ ತಿ.ನರಸೀಪುರದಲ್ಲೋ ಕೂತು ಪತ್ರಿಕೆ ಮಾಡುವವರಿಗೆ ಇದು ದಿನಾ ಎದುರಾಗುವ ಪ್ರಶ್ನೆ. ನಮಗೆ ಬರೆಯುವವರಲ್ಲಿ ಅರ್ಧಕ್ಕರ್ಧ ಜನ ಇದೇ ಗುಂಪಿನವರು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ನೋಂದಣಿ, ಯಾವುದೋ ತಾಲ್ಲೂಕು ಕಾಲೇಜಿನಲ್ಲಿ ಅತಿಥಿ ಉಪನ್ಯಾಸ, ಊರಲ್ಲಿ ಸಾಲ.

ಅಂಕಿಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ಸಂಶೋಧನೆಯ ಗುಣಮಟ್ಟದ ಬಗ್ಗೆ ಬರೆಯುವ ಯಾರೂ ಅವನ್ನು ಹೇಳುವುದಿಲ್ಲ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠಪ್ರವಚನ ನಿಂತಿರುವುದು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. 2021ರ ಡಿಸೆಂಬರ್‌ನಲ್ಲಿ ಅವರು ತರಗತಿ ಬಹಿಷ್ಕರಿಸಿ ಬೀದಿಗಿಳಿದಾಗ, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದ ಆ ಪಡೆಗೆ ಸಿಗುತ್ತಿದ್ದ ಮಾಸಿಕ ಗೌರವಧನ ನೆಟ್, ಪಿಎಚ್‌ಡಿ ಆದವರಿಗೆ 13,000 ರೂಪಾಯಿ, ಆಗದವರಿಗೆ 11,000. 2022ರ ಜನವರಿಯಲ್ಲಿ ಅದನ್ನು ಅರ್ಹತೆ, ಅನುಭವ ನೋಡಿ 26,000ದಿಂದ 32,000ದವರೆಗೆ ಏರಿಸಿದರು. ಏರಿಸುವಾಗಲೇ ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಿದರು. ಇಬ್ಬರು ಹಂಚಿಕೊಂಡು ಮಾಡುತ್ತಿದ್ದ ಪಾಠ ಒಬ್ಬರ ಪಾಲಿಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. ಸಾವಿರಾರು ಜನ ಹೀಗೆ ಹೊರಬಿದ್ದರು. ಅವರಲ್ಲಿ ಪ್ರಬಂಧ ಅರ್ಧ ಬರೆದವರಿದ್ದರು, ಆ ಅರ್ಧ ಅಲ್ಲೇ ಉಳಿಯಿತು.

2023ರ ನವೆಂಬರ್‌ನಲ್ಲಿ ಮತ್ತೆ ಮುಷ್ಕರ. ಬೇಡಿಕೆ ಒಂದೇ, ಸೇವೆ ಕಾಯಂ ಮಾಡಿ. 2024ರ ಜನವರಿಗೆ ಸಿಕ್ಕಿದ್ದು ಅನುಭವದ ಮೇಲೆ ಐದರಿಂದ ಎಂಟು ಸಾವಿರದ ಹೆಚ್ಚಳ, ಅರವತ್ತು ತುಂಬಿದವರಿಗೆ ಐದು ಲಕ್ಷದ ಇಡಿಗಂಟು, ಆರೋಗ್ಯ ವಿಮೆ. ಇದು ಸಣ್ಣ ಗಳಿಕೆಯಲ್ಲ, ಚಳಿಯಲ್ಲಿ ಕೂತು ಗೆದ್ದದ್ದು. ಆದರೆ ಲೆಕ್ಕ ನೋಡಿ. ಯುಜಿಸಿ 2019ರ ಜನವರಿಯಲ್ಲೇ ಅತಿಥಿ ಬೋಧಕರಿಗೆ ತರಗತಿಗೆ 1,500 ರೂಪಾಯಿ, ತಿಂಗಳಿಗೆ 50,000 ಮೀರದಂತೆ ಎಂದು ನಿಗದಿ ಮಾಡಿದೆ. ವಾರಕ್ಕೆ 15 ಗಂಟೆ, ತಿಂಗಳಿಗೆ 60. ಎಲ್ಲ ಅರ್ಹತೆ, ಎಲ್ಲ ಅನುಭವ ಇದ್ದವರಿಗೂ ನಮ್ಮ ರಾಜ್ಯ ಕೊಡುವುದು ಗಂಟೆಗೆ ಏಳುನೂರು ಕೂಡ ಮುಟ್ಟುವುದಿಲ್ಲ. ಅದೂ ವರ್ಷಕ್ಕೆ ಹತ್ತು ತಿಂಗಳ ಮಾತು. ಉಳಿದೆರಡು ತಿಂಗಳು ಮನೆಯ ಒಲೆ ಉರಿಯುವುದಿಲ್ಲವೇ? ಮತ್ತೆ ಕೌನ್ಸೆಲಿಂಗ್, ಮತ್ತೆ ಪಟ್ಟಿ, ಮತ್ತೆ ಯಾವ ಊರೋ.

ಕಾಯಂ ಮಾತು ಎತ್ತಿದರೆ 2006ರ ಉಮಾದೇವಿ ಪ್ರಕರಣದ ತೀರ್ಪನ್ನು ಮುಂದೆ ಹಿಡಿಯುತ್ತಾರೆ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣ ಅದು. ಹಿಂಬಾಗಿಲಿನ ನೇಮಕವನ್ನು ತಡೆಯುವುದು ಆ ತೀರ್ಪಿನ ಉದ್ದೇಶ. ವರ್ಷಗಟ್ಟಲೆ ದುಡಿಸಿಕೊಳ್ಳಲು ಅದನ್ನು ಗುರಾಣಿ ಮಾಡಿಕೊಳ್ಳಬಾರದು ಎಂದು ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಹೇಳಿದೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಂತೂ, ಅಧ್ಯಾಪಕರನ್ನು ಘನತೆಯಿಂದ ನಡೆಸಿಕೊಳ್ಳದೆ ಸಭೆಗಳಲ್ಲಿ ಗುರುವಂದನೆಯ ಶ್ಲೋಕ ಹೇಳುವುದರಲ್ಲಿ ಅರ್ಥವಿಲ್ಲ ಎಂಬ ಭಾವದ ಮಾತುಗಳನ್ನಾಡಿ, ಅವರಿಗೆ ವೇತನಶ್ರೇಣಿಯ ಕನಿಷ್ಠ ಮೂಲವೇತನ ಕೊಡಬೇಕೆಂದು ಆದೇಶಿಸಿದೆ. ಹಾಗಾಗಿ ಕಾನೂನು ಅಡ್ಡ ಬರುತ್ತದೆ ಎಂಬ ವಾದವನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಅಡ್ಡ ಬರುತ್ತಿರುವುದು ಖಜಾನೆ ಮತ್ತು ಮನಸ್ಸು.

ಫೆಲೋಶಿಪ್ ಇಲ್ಲವೇ ಎಂದು ಕೇಳುವವರಿದ್ದಾರೆ. ಜೆಆರ್‌ಎಫ್ ಗೆದ್ದವರಿಗೆ 2023ರಿಂದ ತಿಂಗಳಿಗೆ 37,000 ಇದೆ. ಗೆಲ್ಲುವವರು ಎಷ್ಟು ಜನ? ಜೆಆರ್‌ಎಫ್ ಇಲ್ಲದವರಿಗೆ ಯುಜಿಸಿ ಕೊಡುವ 8,000 ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಮಾತ್ರ. ಅದನ್ನೂ ನಿಲ್ಲಿಸಲು ಹೊರಟಾಗ 2015ರ ಅಕ್ಟೋಬರ್‌ನಲ್ಲಿ ದಿಲ್ಲಿಯ ವಿದ್ಯಾರ್ಥಿಗಳು ಯುಜಿಸಿ ಕಚೇರಿಯ ಮುಂದೆಯೇ ಬೀಡುಬಿಟ್ಟರು. ಮೈಸೂರು ವಿಶ್ವವಿದ್ಯಾಲಯದಂಥ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕನಿಗೆ ಆ ಎಂಟು ಸಾವಿರವೂ ಇಲ್ಲ.

ಇನ್ನು ನೆಟ್ ಪರೀಕ್ಷೆ. 2024ರಿಂದ ಪಿಎಚ್‌ಡಿ ಪ್ರವೇಶಕ್ಕೂ ಅದೇ ಅಂಕ ಬಳಸಿ ಎಂದಿದೆ ಯುಜಿಸಿ. ಕನ್ನಡ ಎಂ.ಎ. ಮಾಡಿದ ಹುಡುಗಿ ಎರಡನೆಯ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯುತ್ತಾಳೆ. ಆದರೆ ನೂರು ಅಂಕದ ಮೊದಲ ಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಿಂದಿ ಎಂ.ಎ. ಮಾಡಿದವನಿಗೆ ಎರಡೂ ಪತ್ರಿಕೆ ತನ್ನ ಭಾಷೆಯಲ್ಲಿ, ಕನ್ನಡದವಳಿಗೆ ಒಂದು ಮಾತ್ರ. ಕನ್ನಡ ಸಂಶೋಧನೆಗೆ ಕಣ್ಣೀರಿಡುವ ನಮ್ಮ ಹಿರಿಯರು ಇದರ ವಿರುದ್ಧ ಒಂದು ಪತ್ರವನ್ನಾದರೂ ಬರೆದಿದ್ದಾರೆಯೇ? 2024ರ ಜೂನ್ 18ಕ್ಕೆ ನೆಟ್ ನಡೆಸಿ 19ಕ್ಕೆ ರದ್ದು ಮಾಡಿದಾಗಲೂ ಅವರ ದನಿ ಕೇಳಲಿಲ್ಲ.

ಪರೀಕ್ಷೆಗಳ ಮಾತು ಬಂದಾಗ ಮನೆಯೊಳಗಿನ ಕೊಳೆಯನ್ನೂ ಹೇಳಬೇಕು. ಸಹಾಯಕ ಪ್ರಾಧ್ಯಾಪಕರ 1,242 ಹುದ್ದೆಗಳಿಗೆ 2022ರ ಮಾರ್ಚ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಭೂಗೋಳ ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪ ಬಂದು, ಪೊಲೀಸರು ಮಾನಸಗಂಗೋತ್ರಿಯ ಬಾಗಿಲಿಗೇ ಬಂದರು. ಗೈಡ್ ಮತ್ತು ಸಂಶೋಧಕರ ನಡುವಿನ ನಂಟನ್ನೇ ಆ ಆರೋಪ ಎತ್ತಿ ತೋರಿತ್ತು. ಆ ಸಂಬಂಧವನ್ನು ಯಾವ ನಿಯಮಕ್ಕೂ ಸಿಗದಂತೆ ಬಿಟ್ಟರೆ ಏನಾಗುತ್ತದೆ ಎಂದು ಆಗಲಾದರೂ ಚರ್ಚೆಯಾಗಬೇಕಿತ್ತು. ಸಹಿ ಗೈಡ್ ಕೈಯಲ್ಲಿ, ಪ್ರಗತಿ ವರದಿ ಅವರ ಕೈಯಲ್ಲಿ, ವೈವಾ ದಿನಾಂಕ ಅವರ ಕೈಯಲ್ಲಿ. ಅವರ ಮಗಳ ಮದುವೆಗೆ ಊಟ ಬಡಿಸಲು ನಿಂತ ಸಂಶೋಧಕರನ್ನು ಕಂಡವನು ನಾನು. ಒಳ್ಳೆಯ ಗೈಡ್‌ಗಳಿದ್ದಾರೆ, ಮನೆಯ ಪುಸ್ತಕದ ಕಪಾಟನ್ನೇ ತೆರೆದಿಟ್ಟವರಿದ್ದಾರೆ. ಆದರೆ ಒಬ್ಬರ ಒಳ್ಳೆಯತನವನ್ನು ನಂಬಿ ಐದಾರು ವರ್ಷದ ಬದುಕನ್ನು ಅಡವಿಡಬೇಕಾದ ವ್ಯವಸ್ಥೆ ಒಳ್ಳೆಯದಲ್ಲ.

ಆ ಮಾಸಿಕದ ಇನ್ನೊಂದು ಆರೋಪ, ಗಂಗೋತ್ರಿಯಲ್ಲಿ ರಾಜಕೀಯ ಪ್ರಜ್ಞೆ ಸತ್ತಿದೆ ಎಂಬುದು. ಅದಕ್ಕೆ ಬೂಸಾ ಕಾಲದ ಹೋಲಿಕೆ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದು ಆಡಿದ ಮಾತಿಗೆ ಗಲಭೆಯೆದ್ದು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಗಿ, ಕೊನೆಗೆ ಅವರು ಮಂತ್ರಿ ಪದವಿ ಬಿಟ್ಟದ್ದು, ಕುವೆಂಪು ಅವರ ಬೆಂಬಲಕ್ಕೆ ನಿಂತದ್ದು, ಆ ಬೆಂಕಿಯಿಂದ ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ನಮ್ಮ ಓದುಗರಿಗೆ ಮತ್ತೆ ಹೇಳಬೇಕಿಲ್ಲ. ಅದೇ 1973ರಲ್ಲಿ ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವರ ‘ದ್ಯಾವನೂರು’ ಹೊರಬಂತು. ಆ ಪೀಳಿಗೆಯನ್ನು ನಾವೂ ಹೊತ್ತು ಮೆರೆಸುತ್ತೇವೆ. ಆದರೆ ಆ ಹುಡುಗರು ಹಾಸ್ಟೆಲ್ಲಿನಿಂದ ಎದ್ದು ಬಂದು ಕೇಳಿದ ಪ್ರಶ್ನೆಗಳ ಹಿಂದೆ, ಓದಿದರೆ ಕೆಲಸ ಸಿಗುತ್ತದೆ ಎಂಬ ಭರವಸೆಯೊಂದಿತ್ತು. ಮೀಸಲಾತಿ ಎಂಬುದು ಕಾಯಂ ಹುದ್ದೆಯಿದ್ದಾಗ ತಾನೆ? ಹುದ್ದೆಯನ್ನೇ ತುಂಬದೆ ಗೌರವಧನದಲ್ಲಿ ಕಾಲೇಜು ನಡೆಸಿದರೆ ಸಾಮಾಜಿಕ ನ್ಯಾಯ ಕಾಗದದಲ್ಲಿ ಉಳಿಯುತ್ತದೆ.

ಮಾತಾಡಿದವರ ಗತಿಯನ್ನೂ ನೋಡಿದ್ದೇವೆ. 2020ರ ಜನವರಿಯಲ್ಲಿ ಜೆಎನ್‌ಯು ಹಲ್ಲೆಯನ್ನು ಖಂಡಿಸಿ ಗಂಗೋತ್ರಿಯಲ್ಲಿ ನಡೆದ ಸಭೆಯಲ್ಲಿ ಹೆಣ್ಣುಮಗಳೊಬ್ಬಳು ಹಿಡಿದ ಒಂದು ಫಲಕಕ್ಕೆ ರಾಜದ್ರೋಹದ ಕೇಸು ಬಿತ್ತು. ಆ ಹೆಣ್ಣುಮಗಳ ಪರವಾಗಿ ವಕಾಲತ್ತು ಹಾಕುವುದಿಲ್ಲ ಎಂದು ಮೈಸೂರು ವಕೀಲರ ಸಂಘ ನಿರ್ಣಯ ಮಾಡಿತು. ಇದನ್ನೆಲ್ಲ ನೋಡಿಯೂ ಗೈಡ್ ಸಹಿಗೆ ಕಾಯುತ್ತಿರುವ, ಮುಂದಿನ ಜೂನ್‌ಗೆ ಕೆಲಸ ಇರುತ್ತದೋ ಇಲ್ಲವೋ ತಿಳಿಯದ ಸಂಶೋಧಕ ಬೀದಿಗೆ ಬಂದನೆಂದರೆ ಅವನ ಧೈರ್ಯ ಯಾವ ಪೀಳಿಗೆಗೂ ಕಡಿಮೆಯದಲ್ಲ. ಬಂದಿದ್ದಾನೆ, 2021ರಲ್ಲೂ 2023ರಲ್ಲೂ. ಸಾಹಿತ್ಯ ಪತ್ರಿಕೆಗಳು ಅದನ್ನು ರಾಜಕೀಯ ಪ್ರಜ್ಞೆಯ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ, ಅಷ್ಟೆ.

ಆ ಮಾಸಿಕ ದೂರಿದ ಕ್ಷೇತ್ರಕಾರ್ಯದ ಬಗ್ಗೆಯೂ ಹೇಳುತ್ತೇನೆ. ನಮಗೆ ಬರೆಯುವ ಹೆಣ್ಣುಮಗಳೊಬ್ಬಳು ವಾರವಿಡೀ ಬೇರೆ ತಾಲ್ಲೂಕಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಪ್ಪ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ದಿನಗೂಲಿ, ಅವ್ವ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಸಂಶೋಧನೆಗೆ ಅವಳಿಗೆ ಸಿಗುವುದು ಭಾನುವಾರ. ಕಪಿಲೆ ದಂಡೆಯ ಊರೊಂದರಲ್ಲಿ, ಗದ್ದೆ ಬದುವಿನಲ್ಲಿ ವಾಲಿ ನಿಂತಿರುವ ವೀರಗಲ್ಲಿನ ಅಕ್ಷರ ಹಗಲ ಬಿಸಿಲಲ್ಲಿ ಕಾಣಲಿಲ್ಲ. ಕತ್ತಲಾಗುವವರೆಗೆ ಕಾದು, ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗಿದಂತೆ ಓರೆಯಾಗಿ ಹಿಡಿದಳು. ಸವೆದ ಗೀರುಗಳಲ್ಲಿ ನೆರಳು ಬಿದ್ದು ಅಕ್ಷರ ಒಂದೊಂದಾಗಿ ಎದ್ದು ಬಂದವು. ಗದ್ದೆಯ ಯಜಮಾನರು, ‘ಏನವ್ವಾ, ನಿಧಿ ಹುಡುಕ್ತಿದ್ದೀಯಾ?’ ಎಂದು ಕೇಳಿದರಂತೆ. ಜೊತೆಗೆ ಹೋಗಿದ್ದ ತಮ್ಮನು ಪುಸ್ತಕದಲ್ಲಿ ಸಾಲು ಸಾಲಾಗಿ ಬರೆದುಕೊಂಡ. ಕಡೆಯ ಬಸ್ಸು ತಪ್ಪಿ ಇಬ್ಬರೂ ಯಾರದೋ ಟೆಂಪೊ ಹತ್ತಿ ಮನೆ ಸೇರಿದರು. ಆ ಓದು ಈ ಸಂಚಿಕೆಯಲ್ಲಿದೆ. ಫೋಟೊ ತೆಗೆಸಿಕೊಳ್ಳುವವರೆಂದು ಬರೆದವರು ಅದನ್ನೊಮ್ಮೆ ಓದಲಿ.

ಹಿಂದೆ ಈ ಕೆಲಸಕ್ಕೆ ಹುದ್ದೆಗಳಿದ್ದವು. ಕುವೆಂಪು ಕುಲಪತಿಯಾಗಿದ್ದಾಗ ಕನಸಿದ ಗಂಗೋತ್ರಿಯಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಎದ್ದಿತು. ವಿಶ್ವಕೋಶ, ಗ್ರಂಥಸಂಪಾದನೆ, ಜಾನಪದ, ಶಾಸನ ಎಂದು ಒಂದೊಂದು ವಿಭಾಗಕ್ಕೂ ಸಂಬಳ ಪಡೆಯುವ ಜನರಿದ್ದರು. 1970ರ ದಶಕದಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳಿಗಾಗಿ ಅವರು ಊರೂರು ತಿರುಗಿ ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಮತ್ತೆ ಓದಿದರು. ಆ ವಿದ್ವತ್ತು ಆಕಾಶದಿಂದ ಇಳಿದದ್ದಲ್ಲ. ವಿಶ್ವವಿದ್ಯಾಲಯ ಪ್ರತಿ ತಿಂಗಳೂ ಸಂಬಳ ಕೊಟ್ಟು ಬೆಳೆಸಿದ್ದು. ಈಗ ಹೊಸ ವಿಶ್ವವಿದ್ಯಾಲಯಗಳ ಬೋರ್ಡು ಹಾಕಿ, ಬೇಡರಪುರದಲ್ಲಿದ್ದ ಸ್ನಾತಕೋತ್ತರ ಕೇಂದ್ರವನ್ನೇ ಚಾಮರಾಜನಗರ ವಿಶ್ವವಿದ್ಯಾಲಯವೆಂದು ಕರೆದು, 2025ರ ಫೆಬ್ರವರಿಗೆ ಅದನ್ನೂ ಸೇರಿಸಿ ಮುಚ್ಚುವ ಶಿಫಾರಸು ಮಾಡುವ ಕಾಲ. ತೆರೆದವರೂ ಮುಚ್ಚ ಹೊರಟವರೂ ಅಲ್ಲಿಯ ಸಂಶೋಧಕರನ್ನು ಒಂದು ಮಾತು ಕೇಳಲಿಲ್ಲ.

ಪತ್ರಿಕೆಯ ಸ್ವಂತ ಅಳಲೂ ಒಂದಿದೆ. ಲೇಖನ ಕಳಿಸುವ ಮೊದಲು ಎಳೆಯರು ನಮ್ಮನ್ನು ಕೇಳುತ್ತಿದ್ದುದು, ‘ಸರ್, ಐಎಸ್‌ಎಸ್‌ಎನ್ ಇದೆಯಾ? ಕೇರ್ ಲಿಸ್ಟ್‌ನಲ್ಲಿ ಇದೆಯಾ?’ ಅವರ ತಪ್ಪಲ್ಲ. ಅಂಕ ಸಿಗುತ್ತಿದ್ದುದು ಅದಕ್ಕೆ. ಯುಜಿಸಿ 2019ರಲ್ಲಿ ತಂದ ಆ ಪಟ್ಟಿಯನ್ನು 2025ರಲ್ಲಿ ತಾನೇ ಕೈಬಿಟ್ಟಿತು. ಪ್ರಬಂಧ ಸಲ್ಲಿಸಲು ಲೇಖನ ಪ್ರಕಟಣೆ ಕಡ್ಡಾಯವೆಂಬುದನ್ನು 2022ರ ನಿಯಮದಲ್ಲೇ ತೆಗೆದಿತ್ತು. ಅಷ್ಟರೊಳಗೆ, ಹಣ ಕಟ್ಟಿಸಿಕೊಂಡು ಏನು ಕೊಟ್ಟರೂ ಅಚ್ಚು ಹಾಕುವ ನಿಯತಕಾಲಿಕೆಗಳು ನಮ್ಮ ಬಡ ಮಕ್ಕಳಿಂದ ಸಾವಿರಗಟ್ಟಲೆ ಸುಲಿದಿದ್ದವು. ಬಾಲವಿಧವೆಯಾಗಿ ಮನೆಯಲ್ಲೇ ಓದಿದ ತಿರುಮಲಾಂಬ ಇದೇ ನಂಜನಗೂಡಿನಿಂದ ‘ಕರ್ನಾಟಕ ನಂದಿನಿ’ ನಡೆಸಿದರು. ಇಂದು ಅವರ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆಯಬಹುದು, ಅವರದರಂಥ ಪತ್ರಿಕೆಯಲ್ಲಿ ಬರೆದರೆ ಅಂಕವಿಲ್ಲ. ಊರಿನ ಸಣ್ಣ ಪತ್ರಿಕೆಗಳನ್ನು ವಿದ್ವತ್ತಿನ ಹೊರಗಿಟ್ಟವರು ಕನ್ನಡಕ್ಕೆ ದ್ರೋಹ ಮಾಡಿದ್ದಾರೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಿದ್ದರಾಮಯ್ಯನವರ ವರುಣಾ ಕ್ಷೇತ್ರದಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳೂ ಇವೆ, ತಿ.ನರಸೀಪುರ ತಾಲ್ಲೂಕಿನ ಹಳ್ಳಿಗಳೂ ಇವೆ. ಅವರು ಒಂದು ಕಾಲದಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು. ತಿ.ನರಸೀಪುರದ ಎಚ್.ಸಿ. ಮಹದೇವಪ್ಪನವರ ಕೈಗೆ 2023ರಲ್ಲಿ ಸಮಾಜ ಕಲ್ಯಾಣ ಖಾತೆಯೇ ಬಂತು. ಇಬ್ಬರನ್ನೂ ಹೆಸರು ಹಿಡಿದು ಕೇಳುತ್ತಿದ್ದೇವೆ: ಖಾಲಿ ಹುದ್ದೆಗಳನ್ನು ತುಂಬಿಸಿ, ತುಂಬುವಾಗ ವರ್ಷಗಟ್ಟಲೆ ದುಡಿದವರಿಗೆ ವಯಸ್ಸಿನ ಸಡಿಲಿಕೆ, ಸೇವೆಗೆ ಕೃಪಾಂಕ ಕೊಡಿಸಿ, ಅಲ್ಲಿಯವರೆಗೆ ಹನ್ನೆರಡು ತಿಂಗಳೂ ಯುಜಿಸಿ ದರದ ಸಂಬಳ ಕೊಡಿಸಿ. ರಾಜ್ಯ ವಿಶ್ವವಿದ್ಯಾಲಯದ ಪ್ರತಿ ಪೂರ್ಣಾವಧಿ ಸಂಶೋಧಕರಿಗೂ ರಾಜ್ಯದ್ದೇ ಫೆಲೋಶಿಪ್ ಇರಲಿ. ನೆಟ್‌ನ ಮೊದಲ ಪತ್ರಿಕೆ ಕನ್ನಡದಲ್ಲೂ ಬರುವಂತೆ ದಿಲ್ಲಿಗೆ ಒತ್ತಾಯ ಹೋಗಲಿ.



ನಮ್ಮ ಪಾಲಿನದು: ಇನ್ನು ಮುಂದೆ ಅತಿಥಿ ಉಪನ್ಯಾಸಕರು ಮತ್ತು ಫೆಲೋಶಿಪ್ ಇಲ್ಲದ ಸಂಶೋಧಕರ ಪ್ರತಿ ಲೇಖನಕ್ಕೂ ಪತ್ರಿಕೆ ಸಂಭಾವನೆ ಕೊಡುತ್ತದೆ. ಮೊತ್ತ ಸಣ್ಣದು, ಸಂಚಿಕೆ ಅಂಚೆಗೆ ಬಿದ್ದ ವಾರದಲ್ಲೇ ತಲುಪುತ್ತದೆ. ಚಂದಾ ಬಾಕಿ ಇಟ್ಟುಕೊಂಡಿರುವ ಕಾಲೇಜು ಗ್ರಂಥಾಲಯಗಳು ದಯವಿಟ್ಟು ಈ ತಿಂಗಳೇ ಕಳುಹಿಸಿಕೊಡಿ. ಆ ಹಣ ನೇರ ಇವರಿಗೆ ಹೋಗುತ್ತದೆ.