ಕಾಗದ, ಕತ್ತರಿ ಮತ್ತು ರೇಖಾಗಣಿತ

ರೇಖಾಗಣಿತವು ಪಾಠಶಾಲೆಯ ವಿಷಯ, ಬಟ್ಟೆ ಹೊಲಿಯುವುದು ಮನೆಯ ಕೆಲಸ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಮೊದಲನೆಯದಕ್ಕೆ ಬುದ್ಧಿ ಬೇಕು, ಎರಡನೆಯದಕ್ಕೆ ಬೆರಳು ಸಾಕು ಎನ್ನುವವರೂ ಉಂಟು. ಈ ವಿಭಜನೆ ತಪ್ಪೆಂದೂ, ಇದರಿಂದ ಗಣಿತಕ್ಕೂ ಕೈಕೆಲಸಕ್ಕೂ ಸಮಾನವಾಗಿ ನಷ್ಟವಾಗಿದೆಯೆಂದೂ ನಮ್ಮ ಅಭಿಪ್ರಾಯ. ಇದನ್ನು ಸಮರ್ಥಿಸಲು ನಾವು ಆರಿಸಿಕೊಂಡಿರುವ ಉದಾಹರಣೆಯೆಂದರೆ, ಕಾಗದದ ನಮೂನೆಯನ್ನು ಆಧಾರವಾಗಿಟ್ಟುಕೊಂಡು ಬಟ್ಟೆಯ ಚೂರುಗಳನ್ನು ಜೋಡಿಸಿ ಕೌದಿಯ ಚೌಕಗಳನ್ನು ರಚಿಸುವ ಕಲೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇಂತಹ ಕೌದಿಗೆ ಕ್ವಿಲ್ಟ್ ಎಂದು ಹೆಸರು.

ಈ ಕಲೆಯಲ್ಲಿ ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು ಇಂಗ್ಲಿಷ್ ವಿಧಾನ. ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅದಕ್ಕಿಂತ ಸ್ವಲ್ಪ ದೊಡ್ಡದಾದ ಬಟ್ಟೆಯ ಚೂರನ್ನು ಅದರ ಮೇಲಿಟ್ಟು, ಅಂಚುಗಳನ್ನು ಹಿಂದಕ್ಕೆ ಮಡಿಚಿ, ಕಚ್ಚಾ ಹೊಲಿಗೆ ಹಾಕುತ್ತಾರೆ. ಹೀಗೆ ಸಿದ್ಧವಾದ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಸಣ್ಣ ಹೊಲಿಗೆಗಳಿಂದ ಬಂಧಿಸಿ, ಕೊನೆಗೆ ಕಾಗದವನ್ನು ತೆಗೆದುಬಿಡುತ್ತಾರೆ. ಬ್ರಿಟನ್ನಿನಲ್ಲಿ 1718ರ ಇಸವಿಯನ್ನು ಹೊತ್ತ ರೇಷ್ಮೆಯ ಹೊದಿಕೆಯೊಂದು ಇಂದಿಗೂ ಉಳಿದುಬಂದಿದೆ. ಅದು ಇದೇ ವಿಧಾನದಿಂದ ರಚಿತವಾದುದು. ಎರಡನೆಯ ವಿಧಾನದಲ್ಲಿ ಇಡೀ ಚೌಕದ ಚಿತ್ರವನ್ನು ಒಂದೇ ಕಾಗದದ ಮೇಲೆ ಬರೆದು, ಒಂದೊಂದು ಭಾಗಕ್ಕೂ ಕ್ರಮಸಂಖ್ಯೆ ಕೊಟ್ಟಿರುತ್ತಾರೆ. ಬಟ್ಟೆಯನ್ನು ಕಾಗದದ ಬರಿಯ ಮೈಗೆ ಹಚ್ಚಿ, ಗೆರೆಯಿರುವ ಮೈಯ ಕಡೆಯಿಂದ ಗೆರೆಯ ಮೇಲೆಯೇ ಹೊಲಿಯುತ್ತ ಸಂಖ್ಯೆಯ ಕ್ರಮದಲ್ಲಿ ಮುಂದುವರಿಯುತ್ತಾರೆ.

ಇಲ್ಲಿ ಕಾಗದವೇತಕ್ಕೆ ಬೇಕು? ಈ ಪ್ರಶ್ನೆಗೆ ಉತ್ತರ ಬಟ್ಟೆಯ ರಚನೆಯಲ್ಲಿಯೇ ಇದೆ. ಬಟ್ಟೆಯೆಂದರೆ ಹಾಸು ಹೊಕ್ಕುಗಳೆಂಬ ಎರಡು ನೂಲಿನ ಸಾಲುಗಳು ಪರಸ್ಪರ ಲಂಬವಾಗಿ ಹೆಣೆದುಕೊಂಡಿರುವ ಜಾಲ. ನೂಲಿನ ಜಾಡಿನಲ್ಲಿ ಎಳೆದರೆ ಅದು ಹೆಚ್ಚು ಹಿಗ್ಗದು. ಏಕೆಂದರೆ ನೂಲೇ ಉದ್ದವಾಗಬೇಕಾಗುತ್ತದೆ. ಆದರೆ ಓರೆಯಾಗಿ, ಅಂದರೆ ಕರ್ಣದ ದಿಕ್ಕಿನಲ್ಲಿ ಎಳೆದರೆ ನೂಲುಗಳ ನಡುವಣ ಪುಟ್ಟ ಚೌಕಗಳೆಲ್ಲ ವಜ್ರಾಕೃತಿಗೆ ತಿರುಗಿ, ಬಟ್ಟೆ ಸುಲಭವಾಗಿ ಹಿಗ್ಗುತ್ತದೆ. ತ್ರಿಭುಜ, ಷಡ್ಭುಜಗಳನ್ನು ಕತ್ತರಿಸುವಾಗ ಕೆಲವು ಅಂಚುಗಳಾದರೂ ಓರೆಯಾಗಿಯೇ ಬರುವುವು. ಕಾಗದದಲ್ಲಾದರೋ ನಾರುಗಳು ಎಲ್ಲ ದಿಕ್ಕುಗಳಲ್ಲಿಯೂ ಅಡ್ಡಾದಿಡ್ಡಿಯಾಗಿ ಬಿದ್ದು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅದು ಹಾಗೆ ಹಿಗ್ಗದು. ಆದುದರಿಂದ ಹೊಲಿಗೆ ಮುಗಿಯುವವರೆಗೆ ಬಟ್ಟೆಯ ಆಕಾರವನ್ನು ಕಾಯುವ ಕೆಲಸ ಕಾಗದದ್ದು. ಹೊಲಿಗೆಯಂತ್ರದಲ್ಲಿ ಒತ್ತೊತ್ತಾಗಿ ಹೊಲಿದರೆ, ಅಂಚೆಚೀಟಿಯ ಹಾಳೆಯಲ್ಲಿರುವಂತೆ ರಂಧ್ರಗಳ ಸಾಲುಂಟಾಗಿ ಕಾಗದ ತಾನಾಗಿಯೇ ಕಿತ್ತುಬರುತ್ತದೆ.

ಇಂತಹ ನಮೂನೆಗಳನ್ನು ಉಚಿತವಾಗಿ ಅಥವಾ ಅಲ್ಪಬೆಲೆಗೆ ಹಂಚುವ ಪದ್ಧತಿ ಹೊಸದೇನೂ ಅಲ್ಲ. ಅಮೆರಿಕದ 'ಗೋಡೀಸ್ ಲೇಡೀಸ್ ಬುಕ್' ಎಂಬ ಮಾಸಪತ್ರಿಕೆ 1835ರಲ್ಲಿಯೇ ಷಡ್ಭುಜದ ನಮೂನೆಯನ್ನು ಅಚ್ಚುಮಾಡಿತ್ತು. 'ಕ್ಯಾನ್ಸಾಸ್ ಸಿಟಿ ಸ್ಟಾರ್' ವೃತ್ತಪತ್ರಿಕೆಯು 1928ರಿಂದ 1961ರವರೆಗೆ ಸಾವಿರಕ್ಕೂ ಹೆಚ್ಚು ನಮೂನೆಗಳನ್ನು ಪ್ರಕಟಿಸಿತು. ಅವುಗಳಲ್ಲಿ ಎಷ್ಟೋ ಓದುಗರೇ ಬರೆದು ಕಳುಹಿಸಿದವು. ಇಂದು ಅಂತರಜಾಲದಲ್ಲಿ ಸಹಸ್ರಾರು ನಮೂನೆಗಳು ಬೆಲೆಯಿಲ್ಲದೆ ದೊರೆಯುತ್ತವೆ. ಇದು ಸಂತೋಷದ ಸಂಗತಿಯೇ ಸರಿ. ಬಲ್ಲವರು ತಮ್ಮ ಬಲ್ಮೆಯನ್ನು ಬಚ್ಚಿಡದೆ ಹಂಚುವುದು ವಿಜ್ಞಾನದ ಧರ್ಮವೂ ಹೌದು. ಆದರೆ ಉಚಿತವಾಗಿ ಬಂದುದನ್ನು ಬಳಸುವವರಿಗೂ ಕೆಲವು ಹೊಣೆಗಳಿವೆ.

ಮೊದಲನೆಯದು, ಅಳತೆಯ ಎಚ್ಚರ. ನಮೂನೆಯನ್ನು ಅಚ್ಚು ತೆಗೆಯುವಾಗ ಯಂತ್ರವು ಹಾಳೆಗೆ ಹೊಂದಿಸಲೆಂದು ಚಿತ್ರವನ್ನು ನೂರಕ್ಕೆ 95ರಷ್ಟಕ್ಕೆ ಕುಗ್ಗಿಸಿತೆನ್ನೋಣ. 10 ಅಂಗುಲದ ಚೌಕ ಒಂಬತ್ತೂವರೆ ಅಂಗುಲವಾಗುತ್ತದೆ. ನಾಲ್ಕು ಚೌಕಗಳ ಸಾಲಿನಲ್ಲಿ ಎರಡು ಅಂಗುಲ ಕೊರತೆ ಬೀಳುತ್ತದೆ. ವಿಸ್ತೀರ್ಣವಾದರೋ ನೂರಕ್ಕೆ 90ಕ್ಕೆ ಇಳಿಯುತ್ತದೆ. ಉದ್ದದ ಅನುಪಾತದ ವರ್ಗವೇ ವಿಸ್ತೀರ್ಣದ ಅನುಪಾತವೆಂಬ ಪಾಠ ಇಲ್ಲಿ ಕಣ್ಣಿಗೆ ಕಾಣುತ್ತದೆ. ಎರಡನೆಯದು, ಕರ್ತೃವಿನ ಗೌರವ. ಷಡ್ಭುಜ ಯಾರ ಸೊತ್ತೂ ಅಲ್ಲ. ಆದರೆ ಅದರಿಂದ ಒಬ್ಬರು ಶ್ರಮಪಟ್ಟು ರಚಿಸಿದ ನಮೂನೆಗೆ ಕರ್ತೃವುಂಟು. ಉಚಿತವೆಂದ ಮಾತ್ರಕ್ಕೆ ಅದನ್ನು ನಮ್ಮ ಹೆಸರಿನಲ್ಲಿ ಮಾರುವ ಹಕ್ಕು ನಮಗೆ ಬರುವುದಿಲ್ಲ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ನಮೂನೆಯನ್ನು ನಕಲು ಮಾಡುವಲ್ಲಿಗೇ ನಿಂತುಬಿಡಬಾರದು. ಅದು ಏಕೆ ಹಾಗಿದೆಯೆಂದು ಕೇಳಬೇಕು. ಸಮಭುಜಗಳೂ ಸಮಕೋನಗಳೂ ಇರುವ ಒಂದೇ ಆಕೃತಿಯಿಂದ ನೆಲವನ್ನು ಸಂದಿಲ್ಲದಂತೆ ಮುಚ್ಚಬೇಕಾದರೆ, ಒಂದು ಬಿಂದುವಿನಲ್ಲಿ ಸೇರುವ ಕೋನಗಳ ಮೊತ್ತ 360 ಅಂಶಗಳಾಗಬೇಕು. ತ್ರಿಭುಜದ ಕೋನ 60, ಚೌಕದ್ದು 90, ಷಡ್ಭುಜದ್ದು 120. ಈ ಮೂರೂ 360ನ್ನು ಶೇಷವಿಲ್ಲದೆ ಭಾಗಿಸುತ್ತವೆ. ಪಂಚಭುಜದ 108 ಭಾಗಿಸದು. ಆರಕ್ಕಿಂತ ಹೆಚ್ಚು ಭುಜಗಳಾದರೆ ಮೂರು ಕೋನಗಳಿಗೂ ಸ್ಥಳ ಸಾಲದು. ಆದುದರಿಂದ ಈ ಮೂರಲ್ಲದೆ ನಾಲ್ಕನೆಯ ಆಕೃತಿಯಿಲ್ಲ. ಸಮಾನ ವಿಸ್ತೀರ್ಣದ ಭಾಗಗಳಾಗಿ ನೆಲವನ್ನು ವಿಂಗಡಿಸುವಾಗ ಒಟ್ಟು ಗಡಿರೇಖೆ ಅತ್ಯಂತ ಕಡಮೆಯಾಗುವುದು ಷಡ್ಭುಜಗಳಿಂದಲೇ ಎಂಬುದನ್ನು ಥಾಮಸ್ ಹೇಲ್ಸ್ 1999ರಲ್ಲಿ ಸಾಧಿಸಿ ತೋರಿಸಿದರು. ಜೇನುಹುಟ್ಟಿಗೂ 'ಅಜ್ಜಿಯ ಹೂದೋಟ'ವೆಂದು ಅಮೆರಿಕದಲ್ಲಿ ಹೆಸರಾದ ಕೌದಿಗೂ ಇರುವ ಹೋಲಿಕೆ ಕೇವಲ ಕಣ್ಣಿನ ಭ್ರಮೆಯಲ್ಲ. ಆ ಹೂದೋಟದಲ್ಲಿ ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು ಷಡ್ಭುಜಗಳು. ಕೂಡುತ್ತ ಹೋದರೆ 1, 7, 19, 37. ಇವು ಅನುಕ್ರಮ ಘನಸಂಖ್ಯೆಗಳ ವ್ಯತ್ಯಾಸಗಳೆಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು.

ಕೈಯಿಂದ ಆಕೃತಿ ಜೋಡಿಸುವವರು ಗಣಿತಕ್ಕೆ ಏನು ಕೊಟ್ಟಾರು ಎಂದು ಕೇಳುವವರಿಗೆ ಎರಡು ನಿದರ್ಶನಗಳು ಸಾಕು. ಕ್ಯಾಲಿಫೋರ್ನಿಯದ ಗೃಹಿಣಿ ಮಾರ್ಜರಿ ರೈಸ್ ಅವರ ಗಣಿತಾಭ್ಯಾಸ ಪ್ರೌಢಶಾಲೆಯಷ್ಟೇ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅವರ ಅಂಕಣವನ್ನೋದಿದ ಆಕೆ, ನೆಲವನ್ನು ಮುಚ್ಚಬಲ್ಲ ವಿಷಮ ಪಂಚಭುಜಗಳನ್ನು ಹುಡುಕಲಾರಂಭಿಸಿ, ತಮ್ಮದೇ ಸಂಕೇತಗಳನ್ನು ರೂಪಿಸಿಕೊಂಡು, ತಜ್ಞರಿಗೆ ಗೋಚರಿಸದಿದ್ದ ನಾಲ್ಕು ಹೊಸ ಬಗೆಗಳನ್ನು ಕಂಡುಹಿಡಿದರು. ಇಂಗ್ಲೆಂಡಿನ ಡೇವಿಡ್ ಸ್ಮಿತ್ ಮುದ್ರಣಕಾರ್ಯದಿಂದ ನಿವೃತ್ತರಾದವರು. ಎಂದಿಗೂ ಆವರ್ತನೆಗೊಳ್ಳದಂತೆ ನೆಲವನ್ನು ಮುಚ್ಚುವ ಒಂದೇ ಆಕೃತಿಯುಂಟೆ ಎಂಬ ದಶಕಗಳ ಪ್ರಶ್ನೆಗೆ ಉತ್ತರ ಕೊಟ್ಟ ಹದಿಮೂರು ಭುಜಗಳ 'ಟೋಪಿ' ಮೊದಲು ಕಂಡುದು ಅವರಿಗೆ. ಗಣಕದ ತೆರೆಯ ಮೇಲೆ ಅದನ್ನು ಕಂಡು, ಬಳಿಕ ದಪ್ಪಕಾಗದದಲ್ಲಿ ಕತ್ತರಿಸಿ ಕೈಯಾರೆ ಜೋಡಿಸಿ ನೋಡಿದರು. ಮೂವರು ವಿದ್ವಾಂಸರೊಡನೆ ಅದರ ಸಾಧನೆಯನ್ನು 2023ರಲ್ಲಿ ಪ್ರಕಟಿಸಿದರು. ಷಡ್ಭುಜದ ಕೇಂದ್ರದಿಂದ ಪ್ರತಿಯೊಂದು ಭುಜದ ಮಧ್ಯಬಿಂದುವಿಗೂ ಗೆರೆಯೆಳೆದರೆ ಆರು ಗಾಳಿಪಟಗಳು ದೊರೆಯುತ್ತವೆ. ಅಂತಹ ಎಂಟು ಗಾಳಿಪಟಗಳ ಕೂಟವೇ ಈ ಟೋಪಿ.

ನಮ್ಮ ನಾಡಿನ ಕಡೆಗೂ ಒಮ್ಮೆ ನೋಡಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆಯ ಸಿದ್ದಿ ಸ್ತ್ರೀಯರು ಹೊಲಿಯುವ ಕವಂದಿಗೆ ಕಾಗದವೂ ಇಲ್ಲ, ಅಚ್ಚಿನ ನಮೂನೆಯೂ ಇಲ್ಲ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಹೊಲಿದುಕೊಂಡು ಬರುತ್ತಾರೆ. ತುಂಡಿನ ಅಳತೆಯನ್ನು ಕಣ್ಣೇ ನಿರ್ಣಯಿಸುತ್ತದೆ. ಇದು ಇಂಗ್ಲಿಷ್ ವಿಧಾನಕ್ಕಿಂತ ಕೀಳೂ ಅಲ್ಲ, ಮೇಲೂ ಅಲ್ಲ. ಬೇರೊಂದು ಬಗೆಯ ಲೆಕ್ಕಾಚಾರ. ಪರದೇಶದ ನಮೂನೆಯನ್ನು ಅಚ್ಚು ತೆಗೆಯುವ ವಿದ್ಯಾರ್ಥಿ, ತನ್ನ ಮನೆಯ ಕೌದಿಯನ್ನು ಹಳೆಯ ಗಂಟೆಂದು ಮೂಲೆಗೆ ಹಾಕಿದರೆ ಅದು ವಿವೇಕವಲ್ಲ. ಅದನ್ನು ಹೊಲಿದವರು ಬದುಕಿರುವಾಗಲೇ ಅವರ ಬಳಿ ಕುಳಿತು, ಹೇಗೆ ಹೊಲಿದಿರೆಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಬರೆದಿಡದ ವಿದ್ಯೆ ಅವರೊಡನೆಯೇ ಹೊರಟುಹೋಗುತ್ತದೆ.

ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಿಜ. ಆದರೆ ಪ್ರತಿಬಿಂಬವೆಂದರೇನೆಂದು ಹತ್ತು ಸಲ ಬಾಯಿಪಾಠ ಮಾಡಿದವನಿಗಿಂತ, ಎರಡನೆಯ ವಿಧಾನದಲ್ಲಿ 'ಅ' ಅಕ್ಷರವನ್ನು ಹೊಲಿದು ಅದು ತಿರುಗುಮುರುಗಾಗಿ ಬಂದುದನ್ನು ಕಂಡವನಿಗೆ ಆ ಭಾವನೆ ದೃಢವಾಗಿ ನಿಲ್ಲುತ್ತದೆ. ಹುಡುಗರ ಕೈಗೆ ಸೂಜಿಯೇಕೆ ಎಂಬುದು ಇನ್ನೊಂದು ಆಕ್ಷೇಪ. ಶಸ್ತ್ರವೈದ್ಯರ ಕೈಯಲ್ಲಿಯೂ ಸೂಜಿಯಿದೆಯೆಂಬುದನ್ನು ಅವರು ಮರೆತಂತಿದೆ. ಹುಡುಗಿಯರಿಗೆ ಸೂಜಿಯನ್ನು, ಹುಡುಗರಿಗೆ ಕೈವಾರವನ್ನು ಹಂಚಿಕೊಟ್ಟುದರಿಂದ ಇಬ್ಬರ ವಿದ್ಯೆಯೂ ಅರ್ಧವಾಯಿತು.

ಆದುದರಿಂದ ನಮ್ಮ ಸಲಹೆ ಇಷ್ಟೆ. ಗಣಿತದ ಅಧ್ಯಾಪಕರೂ ಹೊಲಿಗೆಯ ಅಧ್ಯಾಪಕರೂ ವರ್ಷದಲ್ಲಿ ಕೆಲವು ತರಗತಿಗಳನ್ನಾದರೂ ಕೂಡಿ ನಡೆಸಲಿ. ವಿದ್ಯಾರ್ಥಿಗಳು ಮೊದಲು ಒಂದು ಉಚಿತ ನಮೂನೆಯನ್ನು ಅದರ ಕರ್ತೃವನ್ನು ಸ್ಮರಿಸಿ ಹೊಲಿಯಲಿ. ಎರಡನೆಯದನ್ನು ತಾವೇ ರಚಿಸಲಿ. ಕೈವಾರದಿಂದ ವೃತ್ತವೆಳೆದು, ಅದೇ ತ್ರಿಜ್ಯದಿಂದ ಪರಿಧಿಯನ್ನು ಆರು ಸಲ ಗುರುತಿಸಿ, ಬಿಂದುಗಳನ್ನು ಸೇರಿಸಿದರೆ ಷಡ್ಭುಜ ಸಿದ್ಧ. ಹಳೆಯ ಲಗ್ನಪತ್ರಿಕೆಯ ದಪ್ಪಕಾಗದ, ದರ್ಜಿಯ ಅಂಗಡಿಯಲ್ಲಿ ಉಳಿದ ಚೂರುಗಳು, ಒಂದು ಸೂಜಿ, ಒಂದು ಉಂಡೆ ನೂಲು ಇವಿಷ್ಟಿದ್ದರೆ ಪ್ರಯೋಗಶಾಲೆಗೆ ಬೇರೇನೂ ಬೇಡ.