ಅಂಗುಲದ ಸಿಪಾಯಿಯ ನೆರಳು

ಮೇಜಿನ ಮೇಲೆ ಯುದ್ಧದಾಟ ಹೂಡುವವರ ಸಿಪಾಯಿಗಳು ಬಹುಮಟ್ಟಿಗೆ 28 ಮಿಲಿಮೀಟರ್ ಎತ್ತರದವು. ಇಷ್ಟು ಕಿರಿದಾದ ಮೈಯ ಮೇಲೆ ಬೆಳಕು ತಾನಾಗಿ ಕಣ್ಣಿಗೆ ಕಾಣುವಂಥ ನೆರಳನ್ನು ಮೂಡಿಸಲಾರದು. ಚಿತ್ರಕಾರನೇ ಅದನ್ನು ಬರೆಯಬೇಕು. ಗಾಢವರ್ಣ ಮೊದಲು, ಏಣುಗಳಿಗೆ ತಿಳಿವರ್ಣ ಕೊನೆಗೆ, ನಡುವೆ ಒಂದೆರಡು ಲೇಪ: ಇದು ಹಳೆಯ ಕ್ರಮ. 2019ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಹೊರತಂದ 'ಕಾಂಟ್ರಾಸ್ಟ್' ಬಣ್ಣವು ಒಂದೇ ಲೇಪದಲ್ಲಿ ಹಳ್ಳಗಳಿಗಿಳಿದು ಕಪ್ಪೇರುತ್ತದೆ, ಉಬ್ಬುಗಳ ಮೇಲೆ ತೆಳುವಾಗಿ ನಿಲ್ಲುತ್ತದೆ. ನೂರು ಸಿಪಾಯಿಗಳನ್ನು ಸಜ್ಜುಗೊಳಿಸಬೇಕಾದವನಿಗೆ ಇದು ವರವೇ ಸರಿ; ಹಳಿದರೆ ಜಂಬವಾದೀತು. ಆದರೆ ಆ ಬಣ್ಣಕ್ಕೆ ಗೊತ್ತಿರುವುದು ಹಳ್ಳದ ಆಳವಷ್ಟೆ. ಸೂರ್ಯನು ಯಾವ ದಿಕ್ಕಿನಲ್ಲಿರುವನೆಂಬುದು ಗೊತ್ತಿಲ್ಲ. ಟೋಪಿಯಂಚಿನ ಕೆಳಗಿನ ಕೆನ್ನೆ ಉಬ್ಬಿದ್ದರೂ ಅಲ್ಲಿ ನೆರಳಿರಬೇಕೆಂದು ಅದಕ್ಕೆ ತಿಳಿಯದು. ಸೇನೆಗೆಲ್ಲ ಅದೇ ಸಾಕು. ಸೇನಾಪತಿಯ ಮುಖವೊಂದನ್ನಾದರೂ ಹಳೆಯ ಕ್ರಮದಲ್ಲಿಯೇ ಬರೆಯಬೇಕೆಂಬುದು ನನ್ನ ಹಟ.