ಊರಾಚೆಯ ಕ್ರೀಡಾಂಗಣವೂ ಜನರ ದಾರಿಯೂ

ಶಿವಮೊಗ್ಗೆಗೂ ಭದ್ರಾವತಿಗೂ ನಡುವಣ ಸೋಗಾನೆಯಲ್ಲಿ 2023ನೆಯ ಇಸವಿ ಫೆಬ್ರವರಿ 27ರಂದು ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿ ಬಂದಿಳಿಯಿತು. ಮಲೆನಾಡಿನವರೆಲ್ಲರೂ ಹೆಮ್ಮೆಪಡತಕ್ಕ ಸಂಗತಿಯಿದು. ವಿಮಾನ ಇಳಿದ ಕಡೆಗೆ ಊರು ಬೆಳೆಯುವುದು ಸಹಜ. ಊರು ಬೆಳೆದ ಕಡೆಗೆ ದೊಡ್ಡ ಕಟ್ಟಡಗಳನ್ನು ಬಯಸುವುದೂ ಸಹಜ. ಈ ಬಯಲಿನಲ್ಲಿ ಅಂತರರಾಷ್ಟ್ರೀಯ ಕಾಲ್ಚೆಂಡಿನ ಪಂದ್ಯಗಳಿಗೆ ತಕ್ಕ ಕ್ರೀಡಾಂಗಣವೊಂದು ಏಕಾಗಬಾರದೆಂದು ನಾಳೆ ಯಾರಾದರೂ ಕೇಳಿದರೆ, ಅದನ್ನು ಹಗಲುಗನಸೆಂದು ನಾವು ನಗಲಾರೆವು. ಆದರೆ ಅಡಿಗಲ್ಲಿಡುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ದೊರೆಯತಕ್ಕದ್ದು: ಜನರು ಅಲ್ಲಿಗೆ ಹೋಗುವುದು ಹೇಗೆ, ರಾತ್ರಿ ಮನೆಗೆ ಹಿಂದಿರುಗುವುದು ಹೇಗೆ?

ಇದು ಅಲ್ಪ ವಿಷಯವಲ್ಲ. ಕ್ರೀಡಾಂಗಣಗಳು ಊರಾಚೆಗೆ ಹೋಗುವುದು ಅಲ್ಲಿ ಭೂಮಿ ವಿಶಾಲವಾಗಿಯೂ ಅಗ್ಗವಾಗಿಯೂ ದೊರೆಯುವುದರಿಂದ. ಹಾಗೆ ಕಟ್ಟುವವರಿಗೆ ಉಳಿಯುವ ಹಣವನ್ನು ತೆರುವವರು ಯಾರು? ದಾರಿಯ ವ್ಯವಸ್ಥೆಯಿಲ್ಲದಿದ್ದರೆ ಪ್ರೇಕ್ಷಕನೇ ಅದನ್ನು ಬಾಡಿಗೆ ಮೋಟಾರಿನ ರೂಪದಲ್ಲಿ ತೆರಬೇಕು. ತೆರಲಾರದವನು ಮನೆಯಲ್ಲಿ ಉಳಿಯಬೇಕು. ಸಾರ್ವಜನಿಕರ ಹಣದಿಂದ ಆದ ಕ್ರೀಡಾಂಗಣ ಆಗ ಕಾರುಳ್ಳವರ ಸ್ವತ್ತಾಗುತ್ತದೆ.

ಪ್ಯಾರಿಸ್ಸಿನ ಉದಾಹರಣೆಯನ್ನು ವಾಚಕರು ಗಮನಿಸಬೇಕು. 1998ರ ವಿಶ್ವಕಪ್ಪಿಗಾಗಿ ಫ್ರೆಂಚರು ಆ ನಗರದ ಉತ್ತರದ ಉಪನಗರದಲ್ಲಿ ಸುಮಾರು 80,000 ಜನ ಹಿಡಿಸುವ ಕ್ರೀಡಾಂಗಣವನ್ನು ಕಟ್ಟಿದರು. ಅದರೊಡನೆ ಎರಡು ರೈಲುದಾರಿಗಳಲ್ಲಿ ಹೊಸ ಸ್ಟೇಷನ್ನುಗಳನ್ನೂ ಕಟ್ಟಿದರು. ಅಷ್ಟು ಮಾಡಿದವರೂ 2022ನೆಯ ಮೇ 28ರಂದು, ಯೂರೋಪಿನ ಕ್ಲಬ್ಬುಗಳ ಅಂತಿಮ ಪಂದ್ಯದ ದಿನ ಎಡವಿದರು. ಒಂದು ದಾರಿಯ ರೈಲ್ವೆ ನೌಕರರು ಮುಷ್ಕರ ಹೂಡಿದ್ದರು. ಜನಪ್ರವಾಹವೆಲ್ಲ ಇನ್ನೊಂದು ಸ್ಟೇಷನ್ನಿನ ಕಡೆಗೆ ತಿರುಗಿ ಇಕ್ಕಟ್ಟಾದ ಹಾದಿಯಲ್ಲಿ ಸಿಕ್ಕಿಕೊಂಡಿತು. ಪೊಲೀಸರು ಅಶ್ರುವಾಯು ಪ್ರಯೋಗಿಸಿದರು. ಆಟ ಅರ್ಧ ಗಂಟೆಗೂ ಹೆಚ್ಚು ತಡವಾಯಿತು. ಮೊದಲಿಗೆ ತಪ್ಪನ್ನೆಲ್ಲ ಪ್ರೇಕ್ಷಕರ ಮೇಲೆ ಹೊರಿಸಿದರು. ಆದರೆ 2023ರಲ್ಲಿ ಪ್ರಕಟವಾದ ಸ್ವತಂತ್ರ ಪರಿಶೀಲನೆಯು ಪಂದ್ಯವನ್ನು ನಡೆಸಿದ ಯೂರೋಪಿನ ಒಕ್ಕೂಟದ ಮೇಲೆಯೇ ಮುಖ್ಯ ಹೊಣೆಯನ್ನು ಹೊರಿಸಿತು.

2024ರಲ್ಲಿ ಜರ್ಮನರು ಯೂರೋಪಿನ ರಾಷ್ಟ್ರಗಳ ಪಂದ್ಯಾವಳಿಯನ್ನು ನಡೆಸಿದಾಗ ಪ್ರವೇಶದ ಟಿಕೀಟಿನಲ್ಲಿಯೇ 36 ಗಂಟೆಗಳ ಸ್ಥಳೀಯ ಪ್ರಯಾಣವನ್ನು ಸೇರಿಸಿಕೊಟ್ಟರು. ಮೆಚ್ಚತಕ್ಕ ಕ್ರಮವಿದು. ಆದರೂ ಗೆಲ್ಸೆನ್‌ಕಿರ್ಖೆನ್ ಊರಿನಲ್ಲಿ ಇಂಗ್ಲೆಂಡಿನ ಮೊದಲ ಪಂದ್ಯ ಮುಗಿದ ರಾತ್ರಿ ಟ್ರಾಮುಗಳು ಸಾಲದೆ ಜನರು ಬಹಳ ಹೊತ್ತು ಕಾಯಬೇಕಾಯಿತು. ದರವನ್ನು ಬಿಟ್ಟರೆ ಸಾಲದು, ವಾಹನವೂ ಇರಬೇಕೆಂಬುದಕ್ಕೆ ಇದೇ ಸಾಕ್ಷಿ.

ದೂರದ ಮಾತೇಕೆ? 2017ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪು ಭಾರತದಲ್ಲಿ ನಡೆಯಿತು. ಕೊಚ್ಚಿಯ ಮೆಟ್ರೋ ರೈಲು ಅಲ್ಲಿಯ ಕ್ರೀಡಾಂಗಣದ ನಿಲ್ದಾಣಕ್ಕೆ ತಲುಪಿದ್ದು ಅಕ್ಟೋಬರ್ 3ರಂದು. ಆ ಊರಿನಲ್ಲಿ ಮೊದಲ ಪಂದ್ಯ ನಡೆದದ್ದು 7ರಂದು. ಕೊನೆಯ ಗಳಿಗೆಯಲ್ಲಾದರೂ ದಾರಿ ಆಟಕ್ಕಿಂತ ಮುಂದಾಯಿತು. ನಮ್ಮ ಬೆಂಗಳೂರಿನಲ್ಲಿ 2023ರ ದಕ್ಷಿಣ ಏಷ್ಯಾ ಪಂದ್ಯಾವಳಿ ನಗರದ ನಡುವೆಯೇ ಇರುವ ಕಂಠೀರವ ಕ್ರೀಡಾಂಗಣದಲ್ಲಿ ನಡೆದುದರಿಂದ ಈ ಪ್ರಶ್ನೆ ಏಳಲಿಲ್ಲ. ಆದರೆ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡ ಮೇಲೆ, ದೊಡ್ಡ ಕ್ರೀಡಾಂಗಣಗಳು ಊರಾಚೆಗೆ ಹೋಗಲೆಂಬ ಕೂಗು ಬಲವಾಗಿದೆ. ಗುಂಪನ್ನು ಊರಾಚೆಗೆ ಕಳುಹಿಸಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯುವುದು ಭ್ರಮೆ. ದಾರಿ ಒಂದೇ ಆದರೆ ಅಪಾಯ ದ್ವಾರದಿಂದ ರಸ್ತೆಗೆ ವರ್ಗವಾಗುತ್ತದೆ, ಅಷ್ಟೆ.

ಈಗ ಎಲ್ಲರ ಬಳಿಯೂ ಮೋಟಾರು ಸೈಕಲ್ಲಿದೆಯಲ್ಲಾ ಎಂದು ಕೆಲವರು ಹೇಳಬಹುದು. ಹತ್ತು ಸಾವಿರ ಮೋಟಾರು ಸೈಕಲ್ಲುಗಳು ಒಂದೇ ಗಳಿಗೆಯಲ್ಲಿ ಒಂದೇ ಹೆದ್ದಾರಿಗೆ ನುಗ್ಗಿದರೆ ಏನಾದೀತೆಂಬುದನ್ನು ಅವರು ಊಹಿಸಿಕೊಳ್ಳಲಿ. ಮಳೆಗಾಲದ ಮಲೆನಾಡಿನ ರಾತ್ರಿಯನ್ನೂ ಲೆಕ್ಕಕ್ಕೆ ಹಿಡಿಯಲಿ.

ಆದಕಾರಣ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಯಾವ ಊರಿನಲ್ಲಿಯೇ ಆಗಲಿ, ಊರಾಚೆಯ ಕ್ರೀಡಾಂಗಣದ ಅಂದಾಜುಪಟ್ಟಿಯಲ್ಲಿ ದಾರಿಯ ಖರ್ಚೂ ಸೇರಿರಬೇಕು. ಪ್ರವೇಶದ ಟಿಕೀಟಿನಲ್ಲಿಯೇ ಬಸ್ಸಿನ ದರ ಅಡಗಿರಬೇಕು. ಕೊನೆಯ ಬಸ್ಸು ಹೊರಡುವ ವೇಳೆಯನ್ನು ಆಟ ಮುಗಿಯುವ ವೇಳೆ ನಿರ್ಣಯಿಸಬೇಕೇ ಹೊರತು ಡಿಪೋದ ಗಡಿಯಾರವಲ್ಲ. ನಡೆದು ಬರುವವರಿಗೆ ದೀಪಗಳುಳ್ಳ ಬೇರೆ ಹಾದಿಯಿರಬೇಕು. ಒಂದು ಹಾದಿ ಮುಚ್ಚಿದರೆ ಇನ್ನೊಂದು ತೆರೆದಿರಬೇಕು. ಶಿವಮೊಗ್ಗೆ ಭದ್ರಾವತಿಗಳ ನಡುವೆ ರೈಲು ಓಡುತ್ತಿದೆ. ಪಂದ್ಯದ ದಿನ ಹೆಚ್ಚಿನ ಗಾಡಿಗಳನ್ನು ಬಿಡುವ ಒಪ್ಪಂದ ಕಾಗದದ ಮೇಲೆ ಮೊದಲೇ ಆಗಿರಬೇಕು.

ಪರದೇಶದ ಆಟಗಾರರು ವಿಮಾನದಲ್ಲಿ ಬಂದಿಳಿಯುವುದರಿಂದ ಮಾತ್ರ ನಾಡಿನ ಮಾನ ಹೆಚ್ಚದು. ಭದ್ರಾವತಿಯ ಕೂಲಿಗಾರನೊಬ್ಬನು ಸಂಜೆ ಕೆಲಸ ಬಿಟ್ಟು, ಮಗನನ್ನು ಕರೆದುಕೊಂಡು ಹೋಗಿ, ಆಟವನ್ನು ಕೊನೆಯವರೆಗೂ ನೋಡಿ, ಮರುದಿನದ ಕೆಲಸಕ್ಕೆ ತಪ್ಪದಂತೆ ಮನೆ ಸೇರುವಂತಾದರೆ, ಆ ಕ್ರೀಡಾಂಗಣ ನಾಡಿನದೆಂದು ನಾವು ಧೈರ್ಯವಾಗಿ ಹೇಳಬಹುದು.